ಹೂಂ ಅಂದದ್ದಕ್ಕೆ ಮುರಿದ ಬೆರಳು

ಪರೀಕ್ಷೆಗಳ ಉಸ್ತುವಾರಿಯ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಮ್ಮ ಕವನಳ ಬಲಗೈಯ ಎರಡು ಬೆರಳು ಮುರಿದಿವೆ. ಬಿದ್ದು ಮುರಿದದ್ದಲ್ಲ, ಹೊಡೆದು ಮುರಿದದ್ದು. ಒಂದು ಸಣ್ಣಕತೆಯನ್ನು ಓದಿ ನಲವತ್ತು ನಿಮಿಷದೊಳಗೆ ಅದರ ವಿಮರ್ಶೆ ಬರೆಯುವ ಅಭ್ಯಾಸ ನಡೆಯುತ್ತಿದ್ದಾಗ, ತುಂಬಿದ ತರಗತಿಯಲ್ಲಿ, ಬೆಂಚಿನ ಮೇಲೆ ಬರೆಯುತ್ತಿದ್ದ ಕೈಯನ್ನು ಮರದ ಉದ್ದ ಸ್ಕೇಲಿನ ಅಂಚಿನಿಂದ ಹೊಡೆದು ಮುರಿದದ್ದು. ವಾರ್ಷಿಕ ಪರೀಕ್ಷೆ ಬಾಗಿಲಿಗೆ ಬಂದು ನಿಂತಿದೆ. ಅವಳು ಬಾಯಲ್ಲಿ ಹೇಳಿದ್ದನ್ನು ಬರೆಯಲು ಯಾರಾದರೂ ಒಬ್ಬರನ್ನು ಕೊಡಿ ಎಂದು ಕೇಳಿದರೆ, ಮೆಟ್ಟಿಲಿನಿಂದ ಜಾರಿ ಬಿದ್ದದ್ದು ಎಂದು ತಿದ್ದಿ ಬರೆದುಕೊಡಿ, ಆಮೇಲೆ ನೋಡೋಣ ಎನ್ನುತ್ತಿದೆ ನಿಮ್ಮ ಕಚೇರಿ. ಅದಕ್ಕೇ ಮುಚ್ಚಿದ ಲಕೋಟೆಯಲ್ಲಿ ಬರಬೇಕಾಗಿದ್ದ ಈ ಕಾಗದ ಹತ್ತು ಜನ ಓದುವ ಹಾಗೆ ಬಾಯಿ ತೆರೆದುಕೊಂಡು ಬಂದಿದೆ.

ನಾನು ಸಾಕಮ್ಮ, ಕವನಳ ಅಪ್ಪನ ತಾಯಿ. ಶಾಲೆಯ ಒಳಗೆ ಕಾಲಿಟ್ಟವಳಲ್ಲ. ಹುಡುಗಿಯಾಗಿದ್ದಾಗ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದೆ. ಅಲ್ಲಿ ನೂಲಿನ ಕಟ್ಟಿಗೆ ಸುತ್ತುತ್ತಿದ್ದ ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದು ಕಲಿತೆ. ಕಲಿತ ಮೇಲೆ ಮಾಡಿದ ಕೆಲಸ ಒಂದೇ, ನೆಂಟರಿಷ್ಟರಿಗೆ ಕಾಗದ ಬರೆಯುವುದು. ಚಿಕ್ಕಯ್ಯನಛತ್ರದ ತಂಗಿಗೆ, ನರಸೀಪುರದ ಬೀಗರಿಗೆ, ಎಲ್ಲೆಲ್ಲೋ ಹಂಚಿಹೋದ ಸೊಸೆಯಂದಿರಿಗೆ. ಎಲ್ಲರ ಕೈಯಲ್ಲೂ ಫೋನು ಬಂದ ಮೇಲೂ ನಾನು ಕಾರ್ಡು ಬರೆಯುವುದನ್ನು ಬಿಟ್ಟಿಲ್ಲ. ನೆಂಟರ ಕಾಗದಕ್ಕೆ ಒಂದು ವಾಡಿಕೆ ಇದೆ, ತಮಗೂ ಗೊತ್ತಿರಬಹುದು. "ಇತ್ತ ಎಲ್ಲರೂ ಕ್ಷೇಮ" ಎಂದು ಮೊದಲ ಸಾಲು. ಮನೆಯೊಳಗೆ ಹೆಣ ಇದ್ದರೂ ಮೊದಲ ಸಾಲು ಅದೇ. ಓದುವವರ ಎದೆ ಒಡೆಯಬಾರದೆಂದು ಜೀವಮಾನವಿಡೀ ನಾನು ಆ ಸುಳ್ಳನ್ನು ಬರೆದಿದ್ದೇನೆ, ಅದಕ್ಕಾಗಿ ನನಗೆ ನಾಚಿಕೆಯಿಲ್ಲ. ತಮಗೆ ಮಾತ್ರ ಆ ಸಾಲನ್ನು ಬರೆಯಲಿಲ್ಲ. ತಮ್ಮ ಎದೆ ಅಷ್ಟು ಸುಲಭಕ್ಕೆ ಒಡೆಯುವಂಥದ್ದಲ್ಲ ಎಂದು ನನ್ನ ನಂಬಿಕೆ.

ಕವನ ನರಸೀಪುರದ ಒಂದು ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಾಳೆ. ಕಾಲೇಜಿನ ಹೆಸರು ಬರೆಯುವುದಿಲ್ಲ, ಅಲ್ಲಿ ಇನ್ನೂ ನಮ್ಮ ಬೀದಿಯ ಮಕ್ಕಳು ಓದಬೇಕು. ಈ ವರ್ಷ ತಾವು ಒಂದು ಸುತ್ತೋಲೆ ಕಳಿಸಿದಿರಿ. ಪ್ರತಿ ಶನಿವಾರ ಬೆಳಿಗ್ಗೆ ಮಕ್ಕಳ ಕೈಗೆ ಅವರು ಹಿಂದೆಂದೂ ನೋಡದ ಕತೆಯೊಂದನ್ನು ಕೊಡತಕ್ಕದ್ದು, ಓದಿ ವಿಮರ್ಶೆ ಬರೆಯಲು ನಲವತ್ತು ನಿಮಿಷ, ಗಂಟೆ ಹೊಡೆಯುವವರೆಗೆ ಯಾರೂ ಏಳತಕ್ಕದ್ದಲ್ಲ, ಉತ್ತರಗಳ ಫೋಟೋ ಮಧ್ಯಾಹ್ನದೊಳಗೆ ಮೇಲಕ್ಕೆ ತಲುಪತಕ್ಕದ್ದು, ಮುಗಿಸದ ಮಕ್ಕಳು ಹೆಚ್ಚಿರುವ ಕಾಲೇಜಿಗೆ ಕೆಂಪು ಗುರುತು. ತಮ್ಮ ಕಾಳಜಿ ದೊಡ್ಡದು. ಆದರೆ ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿ ಬಸ್ಸಾರು ಇಳಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು ಮಾನ್ಯರೇ. ಒಬ್ಬ ಮನುಷ್ಯನ ಕಷ್ಟವನ್ನು ಕೇಳಿ, ನುಂಗಿ, ಅದರ ಮೇಲೆ ಮಾತಾಡುವುದಕ್ಕೆ ಹುರುಳಿಗಿಂತ ಕಡಿಮೆ ಹೊತ್ತು ಸಾಕೆಂದು ತಮಗೆ ಯಾರು ಹೇಳಿದರು? ಬೇಯದ ಕಾಳು ತಿಂದವರಿಗೆ ಹೊಟ್ಟೆ ನೋಯುತ್ತದೆ. ಬೇಯದ ಕತೆ ತಿಂದವರಿಗೆ ಏನು ನೋಯುತ್ತದೆಂದು ತಮ್ಮ ಸುತ್ತೋಲೆಯಲ್ಲಿ ಇರಲಿಲ್ಲ.

ಆದರೂ ಕವನ ಬಿಡುವ ಹುಡುಗಿಯಲ್ಲ. ಸಂಜೆ ಬಸ್ಸಿಳಿದು ಬಂದು, ಮುಖ ತೊಳೆದು, ಜಗಲಿಯ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಫೋನಿನಲ್ಲಿ ಹೊತ್ತು ಇಡುವುದು ನನ್ನ ಕೆಲಸ. ಹೊತ್ತು ಮುಗಿದರೆ ಅದು ಹುಂಜದ ಹಾಗೆ ಕೂಗುತ್ತಿತ್ತು, ಪಕ್ಕದ ಮನೆಯ ನಿಜವಾದ ಹುಂಜ ಅದಕ್ಕೆ ಉತ್ತರ ಕೊಡುತ್ತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ತಮಗೆ ಹೇಳಬೇಕು. ಇದು ತಿಳಿಯದೆ ಮುಂದಿನ ಏಟು ತಮಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಯಾರಾದರೂ ಕತೆ ಹೇಳುತ್ತಿದ್ದರೆ ಎದುರಿಗೆ ಕೂತವರು ಮಾತು ಮಾತಿಗೂ ಹೂಂ ಅನ್ನಬೇಕು. ನಮ್ಮ ಬಾಯಲ್ಲಿ ಅದು ಊಂ. ಕೇಳುವವರ ಹೂಂ ನಿಂತರೆ ಹೇಳುವವರೂ ನಿಲ್ಲಿಸುತ್ತಾರೆ. ನಿದ್ದೆ ಬಂದಿಲ್ಲ ಎಂದು ತೋರಿಸುವುದಕ್ಕಷ್ಟೇ ಅಲ್ಲ ಅದು. ನೀನು ಹೇಳಿದ್ದು ನನಗೆ ಮುಟ್ಟಿತು, ಮುಂದಿನದನ್ನು ಎತ್ತು ಎಂದು, ನಾಟಿಯಲ್ಲಿ ಪೈರಿನ ಕಂತೆಯನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ಕವನ ತೊಟ್ಟಿಲಿನಿಂದ ಇಳಿದಾಗಿನಿಂದ ನನ್ನ ಕತೆಗಳಿಗೆ ಹೂಂ ಅಂದು ಬೆಳೆದವಳು. ಅಭ್ಯಾಸದಲ್ಲೂ ಅವಳು ಗಟ್ಟಿಯಾಗಿ ಓದುವುದು, ನಾನು ಹೂಂ ಅನ್ನುವುದು. ಎಲ್ಲಿ ನನಗೆ ಹೂಂ ಬರಲಿಲ್ಲವೋ ಆ ಸಾಲಿನ ಕೆಳಗೆ ಅವಳು ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದಳು.

"ಇಲ್ಯಾಕಜ್ಜಿ ಸುಮ್ನಾದೆ?"

"ಗೊತ್ತಿಲ್ಲ ಕಣವ್ವ. ಬರ್ನಿಲ್ಲ."

"ಬರ್ನಿಲ್ವಾ, ತೂಕಡಿಸಿದ್ಯಾ?"

"ತೂಕಡಿಸಿದ್ರೆ ಗೊರ್ಕೆ ಬತ್ತಿತ್ತು ಕಣವ್ವ, ನಿಂಗೇ ಕೇಳುಸ್ತಿತ್ತು."

ಹೂಂ ಯಾಕೆ ನಿಂತಿತೆಂದು ಹುಡುಕಿ ಬರೆಯುವುದು ಅವಳ ಪಾಲು. ಅದು ನನಗೆ ಗೊತ್ತಿಲ್ಲದ ವಿದ್ಯೆ. ಒಮ್ಮೊಮ್ಮೆ ನಾನು ಸುಮ್ಮನಾದದ್ದು ಒಲೆಯ ಮೇಲಿನ ಹಾಲು ನೆನಪಾಗಿ, ಅದಕ್ಕೂ ಅವಳು ಅರ್ಧ ಪುಟ ಕಾರಣ ಬರೆದುಬಿಟ್ಟಿರುತ್ತಿದ್ದಳು. ನಕ್ಕು ಅಳಿಸುತ್ತಿದ್ದೆವು. ಸ್ವಾಮಿ, ಆ ಜಗಲಿಯ ಮೇಲೆ ತಮ್ಮ ಸುತ್ತೋಲೆ ನಮಗೆ ಹಬ್ಬವೇ ಆಗಿತ್ತು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ತಪ್ಪಾಗುತ್ತದೆ.

ಆ ಶನಿವಾರ ಬಂದ ಕತೆ ಇಷ್ಟು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ಒಬ್ಬ ನೀರುಗಂಟಿ. ಮೇಲಿನ ಗದ್ದೆಯ ಯಜಮಾನನನ್ನು ಕೇಳದೆ ಅವನು ಕೆಳಗಿನ ಬಡವರ ಪೈರಿಗೆ ನೀರು ಬಿಡುತ್ತಾನೆ. ಯಜಮಾನ ಅವನನ್ನು ತೂಬಿನ ಕಲ್ಲುಕಂಬಕ್ಕೆ ಕಟ್ಟಿಸಿ ಬಾರುಕೋಲಿನಿಂದ ಬಾರಿಸುತ್ತಾನೆ. ಬೆಳಗಾದರೆ ಅದೇ ನೀರುಗಂಟಿ, ಕೀಲು ತಪ್ಪಿದ ತೋಳಿನಲ್ಲೇ, ಯಜಮಾನನ ಗದ್ದೆಗೆ ತೂಬು ಎತ್ತುತ್ತಾನೆ. ಯಜಮಾನನ ಕಣ್ಣು ತುಂಬುತ್ತದೆ, ಅವನಿಗೆ ಒಂದು ಚೊಂಬು ಹಾಲು ಕೊಡಿಸುತ್ತಾನೆ. ಕತೆ ಮುಗಿಯಿತು. ಪ್ರಶ್ನೆ: "ಕತೆಯಲ್ಲಿ ಮೂಡಿಬಂದಿರುವ ಕ್ಷಮಾಗುಣವನ್ನು ವಿಶ್ಲೇಷಿಸಿ."

ಕವನ ಓದತೊಡಗಿದಳು. ಎದುರಿಗೆ ಅಜ್ಜಿ ಇಲ್ಲ. ಅಭ್ಯಾಸ ನೋಡಿ, ತನಗೇ ಗೊತ್ತಿಲ್ಲದ ಹಾಗೆ ಪ್ರತಿ ಸಾಲಿನ ಕೊನೆಗೆ ಹೂಂ ಅನ್ನತೊಡಗಿದಳು. ಸದ್ದಿಲ್ಲದ ಕೋಣೆಯಲ್ಲಿ ಅದು ಕೇಳಿತು. ಮುಂದಿನ ಬೆಂಚಿನವರು ಕಿಸಕ್ಕೆಂದರು. ಹಿಂದಿನ ಬೆಂಚಿನ ಹುಡುಗನೊಬ್ಬ ಅಣಕಿಸಿ ಇನ್ನೊಂದು ಹೂಂ ಅಂದ. ಅವನ ಪಕ್ಕದವನು ಮತ್ತೊಂದು. ಉಪನ್ಯಾಸಕರು ಎರಡು ಸಲ ಗದರಿಸಿದರು. ಅಷ್ಟರಲ್ಲಿ ಕವನ ಕತೆಯಲ್ಲಿ ಬಾರುಕೋಲು ಎತ್ತುವ ಜಾಗಕ್ಕೆ ಬಂದಿದ್ದಳು, ಅವಳ ಹೂಂ ತಾನಾಗಿ ನಿಂತುಹೋಗಿತ್ತು. ಪೆನ್ನು ತೆಗೆದುಕೊಂಡು ಬರೆಯತೊಡಗಿದ್ದಳು. ಆಗ ಹೂಂಗುಟ್ಟುತ್ತಿದ್ದವರು ಹಿಂದಿನ ಬೆಂಚಿನ ಹುಡುಗರು. ಸ್ಕೇಲು ಬಂದದ್ದು ಅವಳ ಬಳಿಗೆ.

ಮೊದಲನೆಯ ಏಟು ಗೆಣ್ಣುಗಳ ಮೇಲೆ ಬಿತ್ತು. ಅವಳು ಕೈ ಎಳೆದುಕೊಳ್ಳುವ ಮುಂಚೆ ಎರಡನೆಯದೂ ಅದೇ ಜಾಗಕ್ಕೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಅವಳ ಗೆಳತಿ ಕೋಮಲ ನನಗೆ ಹೇಳಿದಳು, ಹಸಿ ಕಬ್ಬಿನ ಗಳ ಮುರಿದಂತೆ ಸದ್ದಾಯಿತಂತೆ. ಗೆಣ್ಣಿನ ಚರ್ಮ ಒಡೆದು, ರಕ್ತ ಜೆರಾಕ್ಸ್ ಹಾಳೆಯ ಮೇಲೆ ಹರಿದು, ಬಾರುಕೋಲಿನ ಸಾಲೂ ಹಾಲಿನ ಸಾಲೂ ಒಂದೇ ಬಣ್ಣವಾದವಂತೆ. ತೋರುಬೆರಳು ಪಕ್ಕಕ್ಕೆ ತಿರುಗಿ ನಿಂತಿತ್ತಂತೆ. ಕೋಮಲ ಏಳಲು ಹೋದಳು. ಗಂಟೆ ಹೊಡೆದಿರಲಿಲ್ಲ. "ಕೂತ್ಕೊ, ಟೈಮಿದೆ" ಎಂಬ ಮಾತು ಬಂತು. ಯಾರೂ ಏಳಲಿಲ್ಲ ಮಾನ್ಯರೇ. ತಮ್ಮ ನಿಯಮವನ್ನು ಆ ಮಕ್ಕಳು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ರಕ್ತ ಸುರಿಸುತ್ತಿದ್ದ ಹುಡುಗಿಯ ಅಕ್ಕಪಕ್ಕದಲ್ಲಿ ಕೂತು, ಇಡೀ ತರಗತಿ ತಲೆ ಬಗ್ಗಿಸಿಕೊಂಡು ಕ್ಷಮಾಗುಣದ ಬಗ್ಗೆ ಬರೆಯಿತು. ಆ ಶನಿವಾರ ಆ ಕಾಲೇಜಿಗೆ ಕೆಂಪು ಗುರುತು ಬೀಳಲಿಲ್ಲವಂತೆ. ಅಭಿನಂದನೆಗಳು.

ಕವನ ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಬಲಗೈಯನ್ನು ದುಪ್ಪಟ್ಟದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಸಾಲು ಬರೆದಳು. ಅಕ್ಷರ ತಿದ್ದುವ ಮಗುವಿನ ಬರಹದಂತೆ ವಕ್ರವಾಗಿತ್ತಂತೆ ಆ ಸಾಲು: "ಏಟು ಬೀಳುವಾಗ ಕತೆ ಬೇರೆ ಕಡೆ ನೋಡುತ್ತದೆ." ಆಮೇಲೆ ಗಂಟೆ ಹೊಡೆಯಿತು, ಅವಳು ಬೆಂಚಿನ ಮೇಲೆ ಒರಗಿದಳು.

ಸಂಜೆ ನನ್ನ ಮಗ ಸಿದ್ದು ನಂಜನಗೂಡಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದ. ಕಟ್ಟು ಹಾಕಿಸಿಕೊಂಡು ಮಲಗಿದ್ದ ಮಗಳ ಕೈ ನೋಡಿದ. ಹಿತ್ತಲಿಗೆ ಹೋಗಿ ತೆಂಗಿನಕಾಯಿ ಕೊಚ್ಚುವ ಮಚ್ಚು ತಂದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಡ್ಡ ಬರ್ಬೇಡ ಕಣವ್ವ. ಅವ್ನ ಕೈನ ಅದೇ ಬೆಂಚಿನ್ ಮ್ಯಾಲೆ ಇಕ್ಕಿ ಕೊಚ್ಚಾಕ್ಬುಟ್ಟು ಬತ್ತೀನಿ."

"ಕೊಚ್ಚು. ಕೊಚ್ಬುಟ್ಟು ಜೈಲ್ಗೋಗು. ಇವಳ ಪೇಪರ್ನ ನೀನು ಜೈಲಿಂದ ಬರ್ಕೊಟ್ಟೀಯೇನ್ಲಾ?"

ಮಚ್ಚು ಎತ್ತಿದ. ನನ್ನ ಮೇಲೆ ಎಂದುಕೊಂಡು ಕಣ್ಣು ಮುಚ್ಚಿದೆ. ಅದು ಬಾಗಿಲ ದಾರಂದಕ್ಕೆ ಬಿತ್ತು. ಮರದ ಚಕ್ಕೆ ಹಾರಿ ನನ್ನ ಕೆನ್ನೆ ಸೀಳಿತು. ಮತ್ತೆ ಎತ್ತಿದ, ಮತ್ತೆ ದಾರಂದಕ್ಕೇ ಹೊಡೆದ, ತೋಳು ಸೋಲುವವರೆಗೆ ಹೊಡೆದ. ಬೀದಿಯವರೆಲ್ಲ ಬಂದು ನಿಂತರು, ಒಬ್ಬರೂ ಹತ್ತಿರ ಬರಲಿಲ್ಲ. ಒಳಗಿನಿಂದ ಕವನಳ ದನಿ ಬಂತು.

"ಅಪ್ಪಾ, ಸದ್ದು ಮಾಡ್ಬೇಡ. ತಲೆ ನೋಯ್ತದೆ."

ಆಗ ಮಚ್ಚು ಕೆಳಗೆ ಬಿತ್ತು. ಗೋಡೆಯ ಮೇಲಿನ ಬುದ್ಧನ ಪಟ ಓರೆಯಾಗಿತ್ತು, ಸಿದ್ದುವೇ ಹೋಗಿ ನೆಟ್ಟಗೆ ಮಾಡಿ ಅಲ್ಲೇ ಕೂತು ಅತ್ತ. ದಾರಂದದ ಆ ಕಚ್ಚುಗಳು ಇನ್ನೂ ಹಾಗೇ ಇವೆ. ತಮ್ಮ ಕಚೇರಿಯಿಂದ ಯಾರಾದರೂ ವಿಚಾರಣೆಗೆ ಬಂದರೆ ತೋರಿಸುತ್ತೇನೆ. ಅವು ಜಾರಿ ಬಿದ್ದು ಆದವು ಎಂದು ಬರೆದುಕೊಳ್ಳಬಹುದು.

ನೋವು ಸ್ವಲ್ಪ ಇಳಿದ ಮೇಲೆ ಕವನ ಆ ಕತೆಯನ್ನು ನನಗೆ ಮೊದಲಿನಿಂದ ಹೇಳಿದಳು. ನಾನು ಹೂಂ ಅನ್ನುತ್ತಾ ಕೇಳಿದೆ. ಹಾಲಿನ ಚೊಂಬು ಬಂದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು.

"ಒಳ್ಳೇ ಕತೆ ಕಣವ್ವ" ಅಂದೆ.

"ನಂಗೂ ಅಳು ಬಂತು ಅಜ್ಜಿ. ಆದ್ರೆ ನೀನು ಊಂ ಅನ್ನೋದ ಯಾವಾಗ್ಲೇ ನಿಲ್ಲುಸ್ಬುಟ್ಟಿದ್ದೆ. ನಿಂಗೇ ಗೊತ್ತಿಲ್ಲ."

ಹೌದು, ನಿಂತುಹೋಗಿತ್ತು. ಅವಳು ಕಾರಣ ಹೇಳಿದಳು. ಕೆರೆ ಏರಿಯ ಮೇಲಿನ ಚಂದ್ರನಿಗೆ, ನೀರಿನ ಮೇಲಿನ ಬೆಳಕಿಗೆ ಕತೆಯಲ್ಲಿ ಅರ್ಧ ಪುಟವಿದೆ, ಬಾರುಕೋಲಿಗೆ ಒಂದೇ ಸಾಲು. ಯಜಮಾನನ ಎತ್ತಿಗೆ ಕೆಂಚ ಎಂಬ ಹೆಸರಿದೆ, ಏಟು ತಿಂದವನಿಗೆ ಹೆಸರಿಲ್ಲ. ಬೆಳಿಗ್ಗೆ ಅವನು ತೂಬು ಎತ್ತಲು ಯಾಕೆ ಬಂದ ಎಂದು ಕತೆ ಅವನನ್ನೇ ಕೇಳಲಿಲ್ಲ, ತಾನೇ ಕ್ಷಮೆ ಎಂದು ಹೆಸರಿಟ್ಟುಕೊಂಡಿತು. ಇದು ಸರಿಯೋ ತಪ್ಪೋ ನನಗೆ ತಿಳಿಯದು. ಕತೆ ಬರೆದವರು ದೊಡ್ಡವರಿರಬಹುದು. ನನ್ನ ಹೂಂ ಯಾಕೆ ನಿಂತಿತೆಂಬುದು ಮಾತ್ರ ನನಗೆ ಆಗ ತಿಳಿಯಿತು.

ನನಗೆ ಮಾದು ಎಂಬ ಅಣ್ಣನಿದ್ದ. ಊರಿನ ಹೆಸರು ಬೇಡ, ಹೊಡೆದವರ ಮೊಮ್ಮಕ್ಕಳು ಈಗ ನಮ್ಮ ಮದುವೆಗಳಿಗೆ ಬಂದು ಊಟ ಮಾಡುತ್ತಾರೆ, ಒಳ್ಳೆಯ ಮಕ್ಕಳು. ಮಾದು ಕಾಲುವೆಯಲ್ಲಿ ಮೊದಲು ತನ್ನ ಮೈ ತೊಳೆದುಕೊಂಡು, ಆಮೇಲೆ ಅವರ ಮನೆಯ ಎತ್ತುಗಳನ್ನು ನೀರಿಗೆ ಇಳಿಸಿದನಂತೆ, ಅಷ್ಟೇ. ಹುಣಸೆಮರಕ್ಕೆ ಕಟ್ಟಿ ಹೊಡೆದರು. ನಾನು ಅವ್ವನ ಸೆರಗಿನ ಹಿಂದಿದ್ದೆ. ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದ ಹಾಗೆ ಸದ್ದು ಬರುತ್ತಿತ್ತು. ಬೆನ್ನಿನ ಚರ್ಮ ಬಾರಿಗೆ ಅಂಟಿಕೊಂಡು ಬರುವುದನ್ನು ನೋಡಿದೆ. ಅವನು ಮೊದಲು ಕೂಗಿದ, ಆಮೇಲೆ ಉಚ್ಚೆ ಹೊಯ್ದುಕೊಂಡ, ಆಮೇಲೆ ಸುಮ್ಮನಾದ. ಅವತ್ತು ಆಕಾಶದಲ್ಲಿ ಏನಿತ್ತೋ ಯಾರೂ ನೋಡಲಿಲ್ಲ ಮಾನ್ಯರೇ. ಬೆನ್ನು ಒಣಗುವ ಮೊದಲೇ ಮಾದು ಅದೇ ಮನೆಯ ಉಳುಮೆಗೆ ಹೋದ. ನಾಲ್ಕು ಜನ ನೋಡಿ ಎಂಥ ದೊಡ್ಡ ಮನಸ್ಸು ಅಂದರು. ನಮ್ಮ ಮಡಕೆಯಲ್ಲಿ ರಾಗಿ ಇರಲಿಲ್ಲ, ಆ ಮನೆಯ ಹೊಲದಲ್ಲಿತ್ತು. ಅದನ್ನು ಯಾರೂ ವಿಶ್ಲೇಷಿಸಲಿಲ್ಲ.

ಹೊಡೆದ ಉಪನ್ಯಾಸಕರ ಹೆಸರು ಮದನ್. ಅತಿಥಿ ಉಪನ್ಯಾಸಕ. ವರ್ಷ ಮುಗಿದರೆ ಕೆಲಸವೂ ಮುಗಿಯುವ ಹುಡುಗ, ನಮ್ಮ ಕಡೆಯವನೇ. ಮುಂದಿನ ವಾರ ಮಧ್ಯಾಹ್ನದ ಹೊತ್ತಿಗೆ ಮೋಸಂಬಿ ಹಿಡಿದುಕೊಂಡು ಮನೆಗೆ ಬಂದ. ಸಿದ್ದು ಪಾಳಿಯಲ್ಲಿದ್ದದ್ದು ಅವನ ಪುಣ್ಯ. ಅವನು ದಾರಂದದ ಕಚ್ಚು ನೋಡಿಕೊಂಡೇ ಒಳಗೆ ಬಂದ. ನನ್ನ ಕಣ್ಣು ಮೂಲೆಯಲ್ಲಿದ್ದ ಒನಕೆಯ ಮೇಲೆ ಹೋಯಿತು. ಬಗ್ಗಿ ಕೂತಾಗ ಅವನ ತಲೆ ಎಷ್ಟು ಹತ್ತಿರವಿತ್ತೆಂದರೆ, ಒಮ್ಮೆ ಎತ್ತಿ ಕುಟ್ಟಿದ್ದರೆ ಸಾಕಿತ್ತು. ಮಗನನ್ನು ತಡೆದ ಇದೇ ಮುದುಕಿ ಒನಕೆಯ ಭಾರವನ್ನು ಮನಸ್ಸಿನಲ್ಲೇ ತೂಗಿ ನೋಡಿದೆ. ಆಮೇಲೆ ಎದ್ದು ಹೋಗಿ ಒಂದು ಲೋಟ ನೀರು ತಂದು ಮುಂದಿಟ್ಟೆ. ಮನೆಗೆ ಬಂದವರಿಗೆ ನೀರು ಕೊಡದೆ ಇರುವುದು ನಮಗೆ ಗೊತ್ತಿಲ್ಲ. ಅವನು ಕುಡಿಯಲಿಲ್ಲ.

"ಅಜ್ಜಿ, ಹುಡುಗ್ರು ನಕ್ಕಿದ್ದಕ್ಕೆ ನಂಗೆ ಸಿಟ್ಟು ಬರ್ಲಿಲ್ಲ" ಅಂದ. "ಆ ಊಂ ಕೇಳ್ತು ನೋಡಿ. ನಮ್ಮವ್ವನೂ ಹಂಗೇ ಅನ್ನೋದು. ಇಡೀ ಕ್ಲಾಸು ನಮ್ಮವ್ವನ್ನ ಆಡ್ಕೊಂಡು ನಗ್ತಾವ್ರೆ ಅನ್ನುಸ್ಬುಡ್ತು. ಅದು ನಿಂತ್ರೆ ಸಾಕು ಅಂತ..."

ಕವನ ಗೋಡೆಗೆ ಒರಗಿ ಕೂತಿದ್ದಳು. ಅವಳು ಒಂದೇ ಮಾತು ಕೇಳಿದಳು.

"ಸಾ, ಆ ಕತೆ ನೀವು ಪೂರ್ತಿ ಓದಿದ್ರಾ?"

ಅವನು ಮೋಸಂಬಿಯನ್ನು ಕೆಳಗಿಟ್ಟ. "ಇಲ್ಲ ಕವನ. ಬೆಳಿಗ್ಗೆ ಬಂತು. ಮಾದರಿ ಉತ್ತರ ಓದ್ಕೊಂಡೆ."

ಮಾದರಿ ಉತ್ತರವನ್ನು ಅವನೇ ತೋರಿಸಿದ. ನೀರುಗಂಟಿಯ ಮೇಲೆ ಬಿದ್ದ ಏಟುಗಳು "ಯಜಮಾನ ಮತ್ತು ಆಳಿನ ನಡುವಿನ ಆತ್ಮೀಯತೆಯ ಸಂಕೇತ" ಎಂದಿತ್ತು ಅದರಲ್ಲಿ. ಆ ಉತ್ತರ ಎಲ್ಲಿಂದ ಬಂದದ್ದು ಎಂದು ತಮಗೆ ನಾನು ಹೇಳಬೇಕೆ? ಏಟು ಆತ್ಮೀಯತೆಯೆಂದು ಬೆಳಿಗ್ಗೆ ಓದಿಕೊಂಡವನು, ಮಧ್ಯಾಹ್ನದೊಳಗೆ ಫೋಟೋ ಕಳಿಸಬೇಕಾದವನು, ಕೈಯಲ್ಲಿ ಸ್ಕೇಲು ಹಿಡಿದವನು ಏನು ಮಾಡುತ್ತಾನೆ? ಅವನ ತಪ್ಪನ್ನು ನಾನು ತೊಳೆಯುತ್ತಿಲ್ಲ. ಆ ಎರಡು ಏಟು ಅವನವೇ. ಆದರೆ ಸ್ಕೇಲಿನ ಇನ್ನೊಂದು ತುದಿ ಎಷ್ಟು ದೂರದವರೆಗೆ ಚಾಚಿಕೊಂಡಿದೆ ಎಂದು ತಾವೂ ಒಮ್ಮೆ ತಿರುಗಿ ನೋಡಬೇಕು. ಹೋಗುವಾಗ ಮದನ್, ತಾನು ಹೊಡೆದದ್ದು ನಿಜವೆಂದು ಬರೆದುಕೊಡುತ್ತೇನೆ ಅಂದ. ಬರೆದೂ ಕೊಟ್ಟನಂತೆ. ಕಾಲೇಜಿನ ಮುಖ್ಯಸ್ಥರು ಅದನ್ನು ಹರಿದು, ಮನೆಯಲ್ಲಿ ತಾಯಿ ಇದ್ದಾರಲ್ಲ, ಅವರ ಮುಖ ನೋಡು ಅಂದರಂತೆ.

ಇನ್ನು ತಮ್ಮ ಕಚೇರಿಗೆ ಬರೋಣ. ಬರೆಯುವ ಸಹಾಯಕರು ಬೇಕೆಂಬ ಅರ್ಜಿಯಲ್ಲಿ ಕಾರಣವೆಂಬಲ್ಲಿ ನಾನು ಇದ್ದದ್ದನ್ನೇ ಬರೆದೆ, "ಉಪನ್ಯಾಸಕರ ಏಟಿನಿಂದ". ಅರ್ಜಿ ಹಿಂದಕ್ಕೆ ಬಂತು. ನೌಕರರೊಬ್ಬರು ಫೋನು ಮಾಡಿದರು. ಕೆಟ್ಟವರಲ್ಲ, ಬಾಯ್ತುಂಬ ಅಮ್ಮಾ ಎಂದು ಕರೆದರು.

"ಅಮ್ಮಾ, ಏಟು ಅಂತ ಬರೆದ್ರೆ ಎನ್‌ಕ್ವೈರಿ ಆಗ್ಬೇಕು. ಅದು ಮುಗಿಯೋವರ್ಗೂ ಆರ್ಡರ್ ಬರಲ್ಲ, ಪರೀಕ್ಷೆ ನಿಮಗೋಸ್ಕರ ಕಾಯಲ್ಲ. ಜಾರಿ ಬಿದ್ಲು ಅಂತ ಒಂದು ಸಾಲು ಬರೀರಿ, ನಾಳೆನೇ ಮಾಡ್ಸಿಕೊಡ್ತೀನಿ. ಮಗೂ ಭವಿಷ್ಯ ನೋಡಿ."

ನೋಡಿದೆವು. ಮಗುವಿನ ಭವಿಷ್ಯವನ್ನು ನಮಗಿಂತ ಹೆಚ್ಚು ನೋಡಿದವರು ಯಾರು? ಮಚ್ಚು ಹಿಡಿದು ಹೊರಟಿದ್ದ ಸಿದ್ದುವೇ ಈಗ ತಲೆ ತಗ್ಗಿಸಿಕೊಂಡು, "ಬಿದ್ಲು ಅಂತ ಬರ್ದಾಕ್ಬುಡವ್ವ, ಅವಳು ಪಾಸಾದ್ರೆ ಸಾಕು" ಅಂದ. ನನಗೂ ಹಾಗೇ ಅನ್ನಿಸಿತು. ಜೀವಮಾನವಿಡೀ ಎಲ್ಲರೂ ಕ್ಷೇಮ ಎಂದು ಬರೆದವಳಿಗೆ ಇದೊಂದು ಸಾಲು ಯಾವ ಲೆಕ್ಕ? ಹೊಸ ಅರ್ಜಿ ತಂದು ಜಗಲಿಯ ಮೇಲೆ ಕೂತೆ. ಕವನ ಬೇಡ ಅನ್ನಲಿಲ್ಲ.

"ಬರಿ ಅಜ್ಜಿ. ಬರೆದ್ಮೇಲೆ ಗಟ್ಟಿಯಾಗಿ ಓದು" ಅಂದಳು.

ಬರೆದೆ. ಓದಿದೆ. ಹೆಸರು ಕವನ ಅಂದೆ, ಹೂಂ ಅಂದಳು. ತಂದೆಯ ಹೆಸರು ಸಿದ್ದು ಅಂದೆ, ಹೂಂ. ಊರು, ತರಗತಿ, ಕಾಲೇಜು, ಒಂದೊಂದಕ್ಕೂ ಹೂಂ. ಬಲಗೈಯ ತೋರುಬೆರಳು ಮತ್ತು ನಡುಬೆರಳು, ಹೂಂ. ಕಾಲೇಜಿನ ಮೆಟ್ಟಿಲಿನಿಂದ ಜಾರಿ ಬಿದ್ದು, ಅಂದೆ.

ಹೂಂ ಬರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇನ್ನೊಮ್ಮೆ ಓದಿದೆ. ಬರಲಿಲ್ಲ. ಸಿದ್ದು ಕಂಬ ಹಿಡಿದು ನಿಂತಿದ್ದ, ಅವನ ಬಾಯಿಂದಲೂ ಬರಲಿಲ್ಲ. ಕೇಳುವವರ ಹೂಂ ನಿಂತರೆ ಹೇಳುವವರು ನಿಲ್ಲಿಸಬೇಕು. ಅರ್ಜಿಯನ್ನು ಹರಿದುಹಾಕಿದೆ.

ನಾನು ನೆಂಟರಿಗೆ ಬರೆದ ಸುಳ್ಳು ಓದುವವರ ಎದೆ ಉಳಿಸಲು. ತಾವು ಕೇಳುತ್ತಿರುವ ಸುಳ್ಳು ಹೊಡೆದ ಕೈ ಉಳಿಸಲು. ಕೊನೆಗೆ ತಾವು ನಮ್ಮಿಂದ ಬರೆಸಲು ಹೊರಟಿರುವುದು ಅದೇ ಕತೆಯನ್ನಲ್ಲವೇ? ಏಟು ಬೀಳುವಾಗ ಮೆಟ್ಟಿಲಿನ ಕಡೆ ನೋಡಿ, ಬೆಳಿಗ್ಗೆ ಬಂದು ತೂಬು ಎತ್ತಿ, ಒಂದು ಚೊಂಬು ಹಾಲು ಕೊಡುತ್ತೇವೆ ಎನ್ನುತ್ತಿದ್ದೀರಿ. ಹೊಡೆಸಿಕೊಂಡವರೇ ಸುಳ್ಳು ಬರೆದುಕೊಟ್ಟು ಕ್ಷಮಾಗುಣ ಮೆರೆಯಬೇಕು, ಅದಕ್ಕೆ ಅಂಕ ತಮ್ಮದು.

ಆದ್ದರಿಂದ ಮಾನ್ಯರೇ, ಇದು ಬೇಡಿಕೊಳ್ಳುವುದಲ್ಲ, ಕೇಳುವುದು. ಕವನಳ ಮೊದಲ ಅರ್ಜಿಯನ್ನು ಏಟು ಎಂಬ ಮಾತಿನ ಸಮೇತ ಒಪ್ಪಿಕೊಳ್ಳಿ. ವಿಚಾರಣೆ ಅದರ ಪಾಡಿಗೆ ನಡೆಯಲಿ, ಪರೀಕ್ಷೆ ಅವಳ ಪಾಡಿಗೆ ನಡೆಯಲಿ. ಒಂದಕ್ಕೊಂದನ್ನು ಕಟ್ಟಿಹಾಕಿ ಬಾರಿಸಬೇಡಿ. ಮದನ್‌ನ ತಪ್ಪನ್ನು ಅವನ ಹೆಸರಿಗೆ ಬರೆಯಿರಿ, ಸುತ್ತೋಲೆಯ ತಪ್ಪನ್ನು ಸುತ್ತೋಲೆ ಬರೆದವರ ಹೆಸರಿಗೆ. ಶನಿವಾರದ ಗಂಟೆ ಹೊಡೆಯುವ ಮುಂಚೆ ಯಾವ ಮಗುವಿನ ಮೈಯಿಂದ ರಕ್ತ ಬಂದರೂ ಎದ್ದು ನಿಲ್ಲಬಹುದೆಂದು ಒಂದು ಸಾಲು ಸೇರಿಸಿ. ಮತ್ತೆ, ಪರೀಕ್ಷೆಯಲ್ಲಿ ಅವಳು ಬಾಯಲ್ಲಿ ಹೇಳುವುದನ್ನು ಬರೆಯಲು ಯಾರೇ ಬರಲಿ, ಅವರು ಮಾತು ಮಾತಿಗೂ ಹೂಂ ಅನ್ನುವಂಥವರಾಗಿರಲಿ. ಅದನ್ನು ನಕಲು ಎಂದು ಬರೆದುಕೊಳ್ಳಬೇಡಿ, ಅದಿಲ್ಲದೆ ನಮ್ಮ ಹುಡುಗಿಗೆ ಮಾತು ಮುಂದಕ್ಕೆ ಹೋಗುವುದಿಲ್ಲ. ಬರೆಯುವವರನ್ನು ತಾವು ಕೊಡದಿದ್ದರೂ ಪರೀಕ್ಷೆಯ ದಿನ ಅವಳು ಬರುತ್ತಾಳೆ. ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಅ ಆ ಇ ಈ ತಿದ್ದುತ್ತಿದ್ದಾಳೆ. ನಾನು ಕಲಿತದ್ದೂ ಹೀಗೇ, ಆದರೆ ನನ್ನ ಬಲಗೈಯನ್ನು ಯಾರೂ ಮುರಿದಿರಲಿಲ್ಲ.

ಒಂದು ಕೆಲಸ ತಮಗೂ ಕೊಡುತ್ತೇನೆ. ಈ ಕಾಗದವನ್ನು ಕಚೇರಿಯಲ್ಲಿ ಯಾರ ಕೈಯಲ್ಲಾದರೂ ಗಟ್ಟಿಯಾಗಿ ಓದಿಸಿ. ತಾವು ಎದುರಿಗೆ ಕೂತು ಹೂಂ ಅನ್ನುತ್ತಾ ಕೇಳಿ. ಎಲ್ಲಿ ಹೂಂ ನಿಲ್ಲುತ್ತದೆಯೋ ಆ ಸಾಲಿನ ಕೆಳಗೆ ಗೀಟು ಎಳೆಯಿರಿ, ಯಾಕೆ ನಿಂತಿತೆಂದು ಕಾರಣ ಬರೆದು ನಮ್ಮ ವಿಳಾಸಕ್ಕೆ ಕಳಿಸಿ. ನಲವತ್ತು ನಿಮಿಷ ಸಾಕು. ಗಂಟೆ ಹೊಡೆಯುವವರೆಗೆ ಏಳಬೇಡಿ.

ಇಂತಿ,
ಹೂಂ ಅನ್ನಲು ಕಲಿಸಿದ ತಪ್ಪಿಗೆ, ಬೆಳೆದ ಮೊಮ್ಮಗಳ ಬಾಯಿಗೆ ಈಗ ಮತ್ತೆ ತುತ್ತು ಇಡುತ್ತಿರುವ
ಸಾಕಮ್ಮ
ನಂಜನಗೂಡು ತಾಲ್ಲೂಕು